ಖರ್ಜೂರದ ಕೇಕ್ ನನ್ನ ಕೈಗೆ ಹತ್ತಿದ್ದು ಹೀಗೆ

ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಸುತ್ತ ಕಾಫಿ ತೋಟ. ಮನೆ ಪಕ್ಕದ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದ್ದೇವೆ. ಸಂಜೆ ಬಂದವರಿಗೆ ಕಾಫಿ ಜೊತೆ ತಿನ್ನಲು ಏನಾದರೂ ಬೇಕಲ್ವಾ? ಮೊದಲೆಲ್ಲ ಕೋಡುಬಳೆ, ಇಲ್ಲದಿದ್ದರೆ ಬಾಳೆಹಣ್ಣಿನ ಬನ್ಸ್ ಮಾಡುತ್ತಿದ್ದೆ. ಒಂದು ಸಲ ಸಣ್ಣ ಮಗು ಕರೆದುಕೊಂಡು ಬಂದ ತಾಯಿಯೊಬ್ಬರು ಕೇಳಿದರು: "ಅಕ್ಕಾ, ಮಗೂಗೆ ನಾವು ಸಕ್ಕರೆ ಕೊಡಲ್ಲ. ಸಕ್ಕರೆ ಹಾಕದೆ ಕೇಕ್ ಮಾಡೋಕಾಗುತ್ತಾ?" ಮನೆಯಲ್ಲಿ ಖರ್ಜೂರ ಇತ್ತು. ಆಗುತ್ತೆ ಅಂದುಬಿಟ್ಟೆ.

ಆಗಲಿಲ್ಲ. ನನ್ನ ಹತ್ತಿರ ಇದ್ದದ್ದು ಬೆಣ್ಣೆ, ಸಕ್ಕರೆ ನೊರೆಯಾಗಿ ತಿರುವಿ ಮಾಡುವ ಸಾದಾ ಕೇಕಿನ ಅಳತೆ. 200 ಗ್ರಾಂ ಸಕ್ಕರೆ ಜಾಗಕ್ಕೆ 200 ಗ್ರಾಂ ಖರ್ಜೂರದ ಪೇಸ್ಟ್ ಹಾಕಿದೆ, ಉಳಿದದ್ದೆಲ್ಲ ಅದೇ. ಬೀಟರ್ ಎಷ್ಟು ತಿರುಗಿಸಿದರೂ ಬೆಣ್ಣೆ ಉಬ್ಬಲಿಲ್ಲ. ಓಟಿಜಿ ಅನ್ನುವ ಕರೆಂಟ್ ಒಲೆಯಲ್ಲಿ 180 ಡಿಗ್ರಿಗೆ ಇಟ್ಟೆ. ಅರ್ಧ ಗಂಟೆಗೆ ಮೇಲೆ ಕಪ್ಪಾಯಿತು, ನಡುವೆ ಹಸಿ ಹಿಟ್ಟು. ಆ ಮಗುವಿಗೆ ಅವತ್ತು ಬಾಳೆಹಣ್ಣು ಕೊಟ್ಟು ಕಳಿಸಿದೆ. ಮನಸ್ಸಿಗೆ ತುಂಬ ಬೇಜಾರಾಯಿತು.

ಯಾಕೆ ಹಾಗಾಯಿತು ಅಂತ ತಿಳಿಯಲು ಒಂದು ಇಡೀ ಬೇಸಿಗೆ ಬೇಕಾಯಿತು. ಕೇಕಿನಲ್ಲಿ ಸಕ್ಕರೆಯ ಕೆಲಸ ಸಿಹಿ ಮಾತ್ರ ಅಂತ ನಾನು ತಿಳಿದಿದ್ದೆ. ಆದರೆ ಬೆಣ್ಣೆ ಜೊತೆ ತಿರುವುವಾಗ ಸಕ್ಕರೆಯ ಚೂಪು ಹರಳುಗಳೇ ಬೆಣ್ಣೆಯೊಳಗೆ ಗಾಳಿ ಸೇರಿಸುವುದು. ಆ ಸಣ್ಣ ಗಾಳಿಗುಳ್ಳೆಗಳೇ ಮುಂದೆ ಒಲೆಯಲ್ಲಿ ಉಬ್ಬುತ್ತವೆ. ಪೇಸ್ಟ್‌ನಲ್ಲಿ ಹರಳೇ ಇಲ್ಲ, ಗಾಳಿ ಎಲ್ಲಿಂದ ಸೇರಬೇಕು? ಇನ್ನೊಂದು, ಮೆತ್ತನೆ ಖರ್ಜೂರದಲ್ಲಿ ಇರುವ ಸಿಹಿ ಹೆಚ್ಚಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಇವು ನಾವು ಬಳಸುವ ಬಿಳಿ ಸಕ್ಕರೆಗಿಂತ ಬೇಗ ಕಂದು ಬಣ್ಣಕ್ಕೆ ತಿರುಗುತ್ತವೆ. ಹಾಗಾಗಿ ಒಳಗೆ ಬೇಯುವ ಮೊದಲೇ ಮೇಲೆ ಸೀಯುತ್ತದೆ. ಸಾಲದ್ದಕ್ಕೆ ಪೇಸ್ಟ್ ಮಾಡಲು ಹಾಕಿದ ನೀರು ಬೇರೆ.

ಇಷ್ಟು ಗೊತ್ತಾದ ಮೇಲೆ ಸಾದಾ ಕೇಕಿನ ಅಳತೆಯನ್ನು ಪಕ್ಕಕ್ಕಿಟ್ಟೆ. ಬಾಳೆಹಣ್ಣಿನ ಕೇಕ್ ಮಾಡುವಾಗ ಹಣ್ಣಿನ ನೀರು, ಹಣ್ಣಿನ ತೂಕ ನೋಡಿಕೊಂಡು ಹಿಟ್ಟು ಕಲಸುತ್ತೇವಲ್ಲ, ಹಾಗೇ ಖರ್ಜೂರವನ್ನೂ ಹಣ್ಣು ಅಂತಲೇ ಎಣಿಸಿ ಶುರು ಮಾಡಿದೆ. ಬೆಣ್ಣೆ ಬಿಟ್ಟು ಎಣ್ಣೆಗೆ ಬಂದೆ. ಗಾಳಿ ಸೇರಿಸುವ ಕೆಲಸವನ್ನು ಮೊಟ್ಟೆಗೆ ಬಿಟ್ಟೆ.

ಈಗ ಪೇಸ್ಟ್ ವಿಷಯ. ಇದರಲ್ಲೇ ಅರ್ಧ ಗೆಲುವು. ಡಬ್ಬಿಯಲ್ಲಿ ಬರುವ ಕಪ್ಪು, ಮೆತ್ತನೆ ಕಿಮಿಯಾ ಖರ್ಜೂರ ನನಗೆ ಇಷ್ಟ. ಸಿಪ್ಪೆ ತೆಳು, ಬೇಗ ನುಣ್ಣಗಾಗುತ್ತದೆ. ಪ್ಯಾಕೆಟ್‌ನಲ್ಲಿ ಒತ್ತಿ ತುಂಬಿದ ಕಡಿಮೆ ಬೆಲೆಯ ಖರ್ಜೂರವೂ ಆಗುತ್ತದೆ, ನೆನೆಯಲು ಸ್ವಲ್ಪ ಜಾಸ್ತಿ ಹೊತ್ತು ಬೇಕು ಅಷ್ಟೆ. ಯಾವುದೇ ಇರಲಿ, ಒಂದೊಂದನ್ನೂ ಬಿಡಿಸಿ ಒಳಗೆ ನೋಡಿ. ಬೀಜ ಇಲ್ಲ ಅಂತ ಬರೆದಿದ್ದರೂ ಒಂದೆರಡು ಬೀಜ ಉಳಿದಿರುತ್ತವೆ. ನನ್ನ ಮಿಕ್ಸಿಯ ಒಂದು ಬ್ಲೇಡ್ ಹಾಗೇ ಹೋಯಿತು. ಕೆಲವು ಹಣ್ಣಿನೊಳಗೆ ಹುಳು ಬಿದ್ದು ಕಪ್ಪು ಪುಡಿ ಇರುತ್ತದೆ, ಅದನ್ನು ಎಸೆಯಿರಿ.

250 ಗ್ರಾಂ ಬಿಡಿಸಿದ ಖರ್ಜೂರಕ್ಕೆ 150 ಮಿಲಿ ಕುದಿಯುವ ನೀರು. ಮುಚ್ಚಿ ಮುಕ್ಕಾಲು ಗಂಟೆ ಬಿಡುತ್ತೇನೆ. ಗಟ್ಟಿ ಖರ್ಜೂರ ಆದರೆ ಎರಡು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಸಿಪ್ಪೆ ಕರಗಿದಂತೆ ಮೆತ್ತಗಾಗುತ್ತದೆ. ನೆನೆಸಿದ ನೀರನ್ನು ಚೆಲ್ಲಬೇಡಿ, ಸಿಹಿ ಅದರಲ್ಲೂ ಇಳಿದಿರುತ್ತದೆ. ಅದರ ಜೊತೆಯೇ ಸಣ್ಣ ಜಾರಿನಲ್ಲಿ, ನಡುನಡುವೆ ನಿಲ್ಲಿಸಿ, ಬದಿಯದ್ದನ್ನು ಕೆರೆದು, ಚಟ್ನಿಗಿಂತ ನುಣ್ಣಗೆ ರುಬ್ಬುತ್ತೇನೆ. ಒಟ್ಟು 400 ಗ್ರಾಂಗೆ ಸ್ವಲ್ಪ ಕಡಿಮೆ ಪೇಸ್ಟ್ ಸಿಗುತ್ತದೆ. ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿನಲ್ಲಿ ಇಟ್ಟರೆ ಎರಡು ತಿಂಗಳಿಗೂ ಏನೂ ಆಗಿಲ್ಲ. ಶನಿವಾರ ಬೆಳಿಗ್ಗೆ ಮನೆ ತುಂಬ ಜನ ಇರುವಾಗ ಈ ಗಟ್ಟಿಗಳೇ ನನ್ನ ಕೈ ಹಿಡಿಯುವುದು.

ಕೇಕಿಗೆ ಈಗ ನಾನು ಹಾಕುವುದು ಇಷ್ಟು. ಗೋಧಿ ಹಿಟ್ಟು 120 ಗ್ರಾಂ, ರಾಗಿ ಹಿಟ್ಟು 60 ಗ್ರಾಂ, ಒಂದು ಟೀ ಚಮಚದಷ್ಟು ಬೇಕಿಂಗ್ ಪೌಡರ್, ಕಾಲು ಚಮಚಕ್ಕಿಂತ ತುಸು ಜಾಸ್ತಿ ಅಡುಗೆ ಸೋಡಾ, ಉಪ್ಪು, ನಾಲ್ಕು ಏಲಕ್ಕಿಯ ಪುಡಿ. ಇವನ್ನು ಎರಡು ಸಲ ಜರಡಿ ಹಿಡಿಯುತ್ತೇನೆ. ಇನ್ನೊಂದು ಪಾತ್ರೆಯಲ್ಲಿ ಎರಡು ಮೊಟ್ಟೆಯನ್ನು ಬಣ್ಣ ತಿಳಿಯಾಗಿ ನೊರೆ ನಿಲ್ಲುವವರೆಗೆ ಐದು ನಿಮಿಷ ಬೀಟರ್‌ನಲ್ಲಿ ತಿರುವುತ್ತೇನೆ. ಇಲ್ಲಿ ಆತುರ ಬೇಡ. ಆಮೇಲೆ 70 ಮಿಲಿ ಎಣ್ಣೆ, 250 ಗ್ರಾಂ ಪೇಸ್ಟ್, ಎರಡು ದೊಡ್ಡ ಚಮಚ ಮೊಸರು, ಎರಡು ದೊಡ್ಡ ಚಮಚ ಗಟ್ಟಿ ಡಿಕಾಕ್ಷನ್. ಕೊನೆಗೆ ಹಿಟ್ಟು, ಸೌಟಿನಿಂದ ಮೆಲ್ಲಗೆ, ಒಣ ಹಿಟ್ಟು ಕಾಣದಷ್ಟು ಮಾತ್ರ.

ಡಿಕಾಕ್ಷನ್ ಹಾಕಿದ್ದು ನಮ್ಮೂರಿನ ಅಭಿಮಾನಕ್ಕೆ ಅಂದುಕೊಳ್ಳಬೇಡಿ. ಖರ್ಜೂರದ ಸಿಹಿ ಒಂದೇ ದಾರಿಯಲ್ಲಿ ಹೋಗುತ್ತದೆ, ನಾಲ್ಕು ತುತ್ತಿಗೆ ಬಾಯಿ ಕಟ್ಟುತ್ತದೆ. ಕಾಫಿಯ ಕಹಿ ಅದನ್ನು ತಡೆಯುತ್ತದೆ. ಚಿಕೋರಿ ಇಲ್ಲದ ಪುಡಿಯಾದರೆ ಇನ್ನೂ ಚೆಂದ. ಮಕ್ಕಳಿಗೆ ಮಾಡುವಾಗ ಡಿಕಾಕ್ಷನ್ ಬಿಟ್ಟು ಕಿತ್ತಳೆ ಸಿಪ್ಪೆಯನ್ನು ತುರಿದು ಹಾಕುತ್ತೇನೆ, ರಸವನ್ನೂ ಎರಡು ಚಮಚ. ಉಪ್ಪನ್ನು ಮಾತ್ರ ಯಾವತ್ತೂ ಬಿಡುವುದಿಲ್ಲ. ಉಪ್ಪಿಲ್ಲದ ಖರ್ಜೂರದ ಕೇಕ್ ಸಪ್ಪೆ.

ಒಲೆಯ ಶಾಖ 160 ಡಿಗ್ರಿ. ಏಳು ಇಂಚಿನ ಟಿನ್‌ಗೆ ನನ್ನ ಓಟಿಜಿಯಲ್ಲಿ 45ರಿಂದ 50 ನಿಮಿಷ. ಅರ್ಧ ಗಂಟೆ ಆದ ಮೇಲೆ ಮೇಲುಗಡೆ ಫಾಯಿಲ್ ಮುಚ್ಚುತ್ತೇನೆ. ಕಡ್ಡಿ ಚುಚ್ಚಿ ನೋಡುವ ಪರೀಕ್ಷೆಯನ್ನು ಮಾತ್ರ ನಂಬಬೇಡಿ. ಬೆಂದಿದ್ದರೂ ಖರ್ಜೂರ ಕಡ್ಡಿಗೆ ಅಂಟುತ್ತದೆ. ಅಂಟಿದ್ದನ್ನು ನೋಡಿ ಇನ್ನೂ ಹತ್ತು ನಿಮಿಷ, ಇನ್ನೂ ಹತ್ತು ನಿಮಿಷ ಅಂತ ಒಣಗಿಸಿದ್ದು ನಾನೇ ಎಷ್ಟೋ ಸಲ. ನಡುವೆ ಬೆರಳಿನಿಂದ ಮೆಲ್ಲಗೆ ಒತ್ತಿ. ಗುಳಿ ಬೀಳದೆ ಮೇಲೆದ್ದು ಬಂದರೆ, ಬದಿ ಟಿನ್ ಬಿಟ್ಟಿದ್ದರೆ, ಆಯಿತು.

ಇನ್ನೊಂದು ಮಾತು, ನಮ್ಮ ಎತ್ತರದ ಊರಿನವರಿಗೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಇಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ, ಕೇಕ್ ಒಳಗಿನ ಗಾಳಿಯೂ ಕೆಳಗಿನ ಊರಿಗಿಂತ ಜಾಸ್ತಿ ಹಿಗ್ಗುತ್ತದೆ. ಮಂಗಳೂರಿನ ನನ್ನ ಅಕ್ಕ ಒಂದೂವರೆ ಚಮಚ ಬೇಕಿಂಗ್ ಪೌಡರ್ ಹಾಕುತ್ತಾಳೆ. ನಾನು ಅಷ್ಟೇ ಹಾಕಿದಾಗ ಕೇಕ್ ಗಬಗಬ ಎದ್ದು ನಡುವೆ ಕುಸಿಯಿತು. ಭಾರವಾದ ಖರ್ಜೂರದ ಹಿಟ್ಟು ಆ ಎತ್ತರದಲ್ಲಿ ನಿಲ್ಲುವುದಿಲ್ಲ. ಒಂದು ಚಮಚಕ್ಕೆ ಇಳಿಸಿದೆ, ನಿಂತಿತು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ನಮ್ಮ ಮಾವನಿಗೆ ಸಕ್ಕರೆ ಕಾಯಿಲೆ. ಕೇಕ್ ಚೆನ್ನಾಗಿ ಬಂದ ಮೊದಲ ದಿನ ನಾನೇ ಖುಷಿಯಲ್ಲಿ "ಮಾವಾ, ಇದಕ್ಕೆ ಸಕ್ಕರೆ ಹಾಕಿಲ್ಲ, ತಿನ್ನಿ" ಅಂತ ಕೊಟ್ಟೆ. ಪಾಪ, ಎಷ್ಟೋ ವರ್ಷಗಳ ಮೇಲೆ ಮನಸ್ಸು ತುಂಬಾ ಮೂರು ತುಂಡು ತಿಂದರು. ರಾತ್ರಿ ಮಿಷನ್‌ನಲ್ಲಿ ನೋಡಿದರೆ ಯಾವತ್ತೂ ಇರದಷ್ಟು ಮೇಲೆ ಹೋಗಿತ್ತು. ಅತ್ತೆ ಬೈಯಲಿಲ್ಲ, "ಖರ್ಜೂರ ಸಿಹಿ ಅಲ್ವೇನಮ್ಮಾ?" ಅಂತ ಮಾತ್ರ ಕೇಳಿದರು. ನನ್ನ ಕಣ್ಣಲ್ಲಿ ನೀರು ಬಂತು. ಮೆತ್ತನೆ ಖರ್ಜೂರದ ತೂಕದಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಸಕ್ಕರೆಯೇ. ನಾರು ಇದೆ, ಪೊಟ್ಯಾಸಿಯಂ ಇದೆ, ನಿಜ. ಆದರೆ ನನ್ನ ಅಳತೆಯ ಒಂದು ಕೇಕಿನಲ್ಲಿ ಸುಮಾರು 100 ಗ್ರಾಂ ಹಣ್ಣಿನ ಸಕ್ಕರೆ ಇದ್ದೇ ಇದೆ. ಅಂದಿನಿಂದ ಯಾರಿಗೆ ಕೊಟ್ಟರೂ "ಸಕ್ಕರೆ ಸೇರಿಸಿಲ್ಲ, ಖರ್ಜೂರದ ಸಿಹಿ ಇದೆ" ಅಂತ ಪೂರ್ತಿ ಹೇಳುತ್ತೇನೆ. ಶುಗರ್ ಫ್ರೀ ಅನ್ನುವ ಮಾತು ನಮ್ಮ ಮನೆಯಲ್ಲಿ ಇಲ್ಲ. ಮಾವನಿಗೆ ಈಗ ಡಾಕ್ಟರನ್ನು ಕೇಳಿ, ಊಟದ ಲೆಕ್ಕದಲ್ಲೇ ಸೇರಿಸಿ, ಎರಡು ಬೆರಳಿನಷ್ಟು ಅಗಲದ ಒಂದು ತುಂಡು.

ಬಿಸ್ಕತ್ತಿಗೆ ಪೇಸ್ಟ್ ನಡೆಯಲಿಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಮೆತ್ತಗೆ. ಒಲೆಯಲ್ಲಿ ಕರಗಿದ ಸಕ್ಕರೆ ತಣ್ಣಗಾಗುವಾಗ ಗಟ್ಟಿಯಾಗುವುದರಿಂದಲೇ ಬಿಸ್ಕತ್ತಿಗೆ ಗರಿ. ಪೇಸ್ಟ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಗರಿಯಾಗಲು ಬಿಡುವುದಿಲ್ಲ. ದಾರಿ ತೋರಿಸಿದ್ದು ನಮ್ಮತ್ತೆ. "ಬಾಣಂತಿ ಅಂಟಿನುಂಡೆಗೆ ಉತ್ತುತ್ತೆ ಪುಡಿ ಮಾಡ್ತೀವಲ್ಲ, ಅದನ್ನ ಹಾಕು" ಅಂದರು. ಉತ್ತುತ್ತೆಯ ಬೀಜ ತೆಗೆದು, ಸಣ್ಣಗೆ ಕತ್ತರಿಸಿ, ಸಣ್ಣ ಉರಿಯಲ್ಲಿ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಪುಡಿ ಮಾಡಿದೆ. ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಿದರೆ ಉಂಡೆ ಕಟ್ಟುತ್ತದೆ. ಈ ಪುಡಿ ಸಕ್ಕರೆಯಂತೆ ಕರಗುವುದಿಲ್ಲ, ಬಾಯಲ್ಲಿ ತರಿ ಸಿಗುತ್ತದೆ. ರಾಗಿ ಬಿಸ್ಕತ್ತಿಗೆ ಆ ತರಿ ಒಪ್ಪುತ್ತದೆ. ರಾಗಿ, ಬೆಣ್ಣೆ, ಉತ್ತುತ್ತೆ ಪುಡಿ, ಸ್ವಲ್ಪ ಹಾಲು, ಇಷ್ಟೇ. ತೆಳ್ಳಗೆ ಲಟ್ಟಿಸಿ, 150 ಡಿಗ್ರಿಯಲ್ಲಿ ನಿಧಾನಕ್ಕೆ.

ಮಳೆಗಾಲಕ್ಕೆ ಬೇರೆಯೇ ಲೆಕ್ಕ. ಸಕ್ಕರೆ ಕೇಕ್ ನಾಲ್ಕು ದಿನ ಹೊರಗೆ ಇಟ್ಟರೂ ತಡೆಯುತ್ತದೆ. ಖರ್ಜೂರದ್ದರಲ್ಲಿ ತೇವ ಜಾಸ್ತಿ, ಸಿಹಿ ಕಡಿಮೆ. ನಮ್ಮ ಜುಲೈ ಮಳೆಗೆ ಮೂರನೇ ದಿನ ಬೆಳಿಗ್ಗೆ ಡಬ್ಬಿ ತೆರೆದರೆ ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಕ್ ಆರಿದ ಕೂಡಲೇ ತುಂಡು ಮಾಡಿ, ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ ಫ್ರಿಜ್‌ಗೆ ಹಾಕುತ್ತೇನೆ. ಕೊಡುವ ಮೊದಲು ದೋಸೆ ಕಾವಲಿ ಮೇಲೆ ಒಂದು ಹನಿ ತುಪ್ಪ ಸವರಿ ಎರಡೂ ಕಡೆ ಬಿಸಿ ಮಾಡುತ್ತೇನೆ. ಕರೆಂಟ್ ಹೋದ ದಿನವೂ ಗ್ಯಾಸ್ ಇರುತ್ತದಲ್ಲ. ಹೊರಗೆ ಮಳೆ ಹೊಯ್ಯುವಾಗ ಅಂಚು ಗರಿಯಾದ ಆ ತುಂಡನ್ನೇ ಜನ ಇನ್ನೊಂದು ಕೊಡಿ ಅಂತ ಕೇಳುತ್ತಾರೆ.