ದೊಡ್ಡ ಸಂಖ್ಯೆಯನ್ನು ಕೈಲೆಕ್ಕದಲ್ಲೇ ಬಿಡಿಸುವುದು ಹೇಗೆ

ನನ್ನ ಕ್ಯಾಲ್ಕುಲೇಟರ್‌ನ ಹಿಂಬದಿಯಲ್ಲಿ ಒಂದು ಕ್ರಮಸಂಖ್ಯೆ ಇದೆ: 22,73,544. ಇಂಥದ್ದು ಕಣ್ಣಿಗೆ ಬಿದ್ದರೆ ಬಿಡಿಸದೆ ನನಗೆ ಸಮಾಧಾನವಿಲ್ಲ. ಪೆನ್ಸಿಲ್, ಹಾಳೆ ಸಾಕು. ಮೊದಲು ಅವಿಭಾಜ್ಯ ಅಪವರ್ತನಗಳನ್ನು ಹುಡುಕಿ. ಉಳಿದ ಗುಣಗಳು ಅದರಿಂದಲೇ ಬರುತ್ತವೆ.

ಬಾಲದಿಂದ ಶುರು ಮಾಡಿ. ಕೊನೆಯ ಮೂರು ಅಂಕಿ 544. ಅದು 8ರಿಂದ ಭಾಗವಾಗುತ್ತದೆ, ಹಾಗಾಗಿ ಇಡೀ ಸಂಖ್ಯೆಯೂ ಆಗುತ್ತದೆ. 16ಕ್ಕೆ ಕೊನೆಯ ನಾಲ್ಕು ಅಂಕಿ ನೋಡಬೇಕು: 3544. 8 ಉಳಿಯುತ್ತದೆ. ಅಂದರೆ 2 ಮೂರೇ ಸಲ.

ಈಗ ಅಂಕಿಗಳನ್ನು ಕೂಡಿ. 27 ಬಂತು, 9ರಿಂದ ಭಾಗವಾಗುತ್ತದೆ. 'ಹಾಗಾದರೆ 27ರಿಂದಲೂ ಹೋಗುತ್ತೆ ಅಲ್ವಾ?' ಅಂತ ಕೇಳುವವರು ಜಾಸ್ತಿ. ಹೋಗುವುದಿಲ್ಲ, 9 ಉಳಿಯುತ್ತದೆ. 10, 100, 1000 ಯಾವುದನ್ನು 9ರಿಂದ ಭಾಗಿಸಿದರೂ 1 ಉಳಿಯುವುದರಿಂದ ಈ ಉಪಾಯ ನಡೆಯುತ್ತದೆ. 27ಕ್ಕೆ 10ರಲ್ಲೇ ಅದು ಮುರಿದುಬೀಳುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಮುಂದಿನದು. 7, 11, 13 ಮೂರಕ್ಕೂ ಒಂದೇ ಪರೀಕ್ಷೆ. ಮೂರನ್ನೂ ಗುಣಿಸಿದರೆ 1001. ಆದ್ದರಿಂದ ಈ ಮೂರರ ಮಟ್ಟಿಗೆ 1000 ಅಂದರೂ ಒಂದೇ, −1 ಅಂದರೂ ಒಂದೇ. ಬಲದಿಂದ ಮೂರು ಮೂರು ಅಂಕಿ ಕತ್ತರಿಸಿ: 2 | 273 | 544. ಬಲಗಡೆಯದರಿಂದ ಶುರುಮಾಡಿ ಒಮ್ಮೆ ಕಳೆಯಿರಿ, ಒಮ್ಮೆ ಕೂಡಿ: 544 − 273 + 2 = 273. ನಡುವಿನ ಗುಂಪೇ ಉತ್ತರವಾಗಿ ಬಂದದ್ದು ಸುಮ್ನೆ ಕಾಕತಾಳೀಯ. 273 ಅಂದರೆ 3 × 7 × 13. ಹಾಗಾಗಿ 7 ಮತ್ತು 13 ಸಿಕ್ಕವು, 11 ಇಲ್ಲ.

ಸಿಕ್ಕಿದ್ದನ್ನು ಒಂದೊಂದಾಗಿ ತೆಗೆಯಿರಿ. 8 ತೆಗೆದರೆ 2,84,193. 9 ತೆಗೆದರೆ 31,577. 7 ತೆಗೆದರೆ 4,511. 13 ತೆಗೆದರೆ 347.

347 ಅವಿಭಾಜ್ಯವೇ? 19ರ ವರ್ಗ 361, ಅಂದರೆ 17ರ ತನಕ ನೋಡಿದರೆ ಸಾಕು. 5, 7, 13, 17 ಯಾವುದೂ ಹೋಗುವುದಿಲ್ಲ. (7 ಮತ್ತು 13 ಎರಡನೇ ಸಲವೂ ಇರಬಹುದು, ಮತ್ತೆ ನೋಡಲೇಬೇಕು.) ಮೂಲ ಸಂಖ್ಯೆಯನ್ನೇ ಹಿಡಿದು ಕೂತಿದ್ದರೆ 1507ರ ತನಕ ಅಲೆಯಬೇಕಿತ್ತು!

22,73,544 = 2³ × 3² × 7 × 13 × 347

ಇನ್ನು ಎಲ್ಲ ಸಲೀಸು. ಎಷ್ಟು ಭಾಜಕಗಳು? ಪ್ರತಿ ಘಾತಕ್ಕೂ 1 ಸೇರಿಸಿ ಗುಣಿಸಿ: 4 × 3 × 2 × 2 × 2 = 96. ಭಾಜಕವೊಂದರಲ್ಲಿ 2 ಒಂದೂ ಇರದೆ ಹೋಗಬಹುದು, ಇಲ್ಲವೇ ಒಂದು, ಎರಡು, ಮೂರು ಸಲ ಇರಬಹುದು. ಆ 4 ಅಲ್ಲಿಂದ ಬಂತು. ಅವುಗಳ ಮೊತ್ತ 15 × 13 × 8 × 14 × 348 = 76,00,320. ಇದರಲ್ಲಿ 15 ಅಂದರೆ 1 + 2 + 4 + 8, ಉಳಿದವೂ ಹಾಗೆಯೇ. ಸಂಖ್ಯೆಯನ್ನೇ ಕಳೆದರೂ 53,26,776 ಉಳಿಯುತ್ತದೆ, ಅದರ ಎರಡರಷ್ಟಕ್ಕಿಂತ ಜಾಸ್ತಿ.

ಪೂರ್ಣವರ್ಗವೇ? 4ರಲ್ಲಿ ಮುಗಿದಿದೆ ಅಂತ ಆಸೆ ಬೇಡ. ಘಾತಗಳೆಲ್ಲ ಸಮಸಂಖ್ಯೆ ಆಗಿರಬೇಕು, ಇಲ್ಲಿ 3² ಒಂದೇ ಹಾಗಿದೆ. ಕೊರತೆ ತುಂಬಲು 2 × 7 × 13 × 347, ಅಂದರೆ 63,154ರಿಂದ ಗುಣಿಸಿ. ಆಗ ಅದು 3,78,924ರ ವರ್ಗ.