ಪುಂಟೋನ ದಾರಿ ಹಿಡಿದು ವಾಲ್ವ್ ಇಲ್ಲದ ಹಾರ್ನ್‌ನಲ್ಲಿ ಓಪಸ್ 17: ನನ್ನ ಅನುಭವ

ಬೀಥೋವನ್‌ನ ಓಪಸ್ 17, ಅಂದರೆ ಹಾರ್ನ್ ಮತ್ತು ಪಿಯಾನೋದ ಸೊನಾಟಾವನ್ನು ವಾಲ್ವ್ ಇಲ್ಲದ ಹಾರ್ನ್ ಎಂಬ ಹಿತ್ತಾಳೆಯ ಊದುವಾದ್ಯದಲ್ಲಿ ನುಡಿಸಿದರೆ, ವಾದ್ಯದ ಬಾಯಿಯನ್ನು ಕೈಯಿಂದ ಮುಚ್ಚಿ ಹೊರಡಿಸುವ ಸ್ವರಗಳು ಪಿಯಾನೋದ ನಾದದಲ್ಲಿ ಮುಳುಗಿಹೋಗುತ್ತವೆ ಎಂದು ವಿಯೆನ್ನಾದ ನನ್ನ ಸಹವಾದಕರು ಹೇಳುತ್ತಲೇ ಬಂದಿದ್ದರು. ಕಳೆದ ಚಳಿಗಾಲದಲ್ಲಿ ಅದರ ಮೂರೂ ಭಾಗಗಳನ್ನು ಅವರ ಎದುರಿಗೇ ನುಡಿಸಿದೆ. ಒಂದು ಸ್ವರವೂ ಮುಳುಗಲಿಲ್ಲ.

ನನಗೆ ದಾರಿ ತೋರಿದ್ದು ಆ ಕೃತಿ ಯಾರಿಗಾಗಿ ಹುಟ್ಟಿತೋ ಆ ಜೊವಾನ್ನಿ ಪುಂಟೋ. 1746ರಲ್ಲಿ ಬೊಹೀಮಿಯಾದಲ್ಲಿ ಯಾನ್ ಸ್ಟಿಖ್ ಆಗಿ ಹುಟ್ಟಿ, ಡ್ರೆಸ್ಡೆನ್‌ನಲ್ಲಿ ಹಾರ್ನ್ ವಾದಕ ಹಾಂಪೆಲ್‌ನ ಬಳಿ ಕಲಿತು, ಧಣಿಯಾದ ಕೌಂಟ್ ಥುನ್‌ನ ಸೇವೆಯಿಂದ ತಪ್ಪಿಸಿಕೊಂಡು ಇಟಾಲಿಯನ್ ಹೆಸರಿಟ್ಟುಕೊಂಡ ಈತ, 1800ರ ಏಪ್ರಿಲ್ 18ರಂದು ವಿಯೆನ್ನಾದ ಬರ್ಗ್‌ಥಿಯೇಟರ್‌ನಲ್ಲಿ ಬೀಥೋವನ್‌ನ ಜೊತೆಗೇ ಈ ಸೊನಾಟಾವನ್ನು ನುಡಿಸಿದ. ಓಡಿಹೋದವನ ಮುಂದಿನ ಹಲ್ಲುಗಳನ್ನು ಉದುರಿಸಿ ಬನ್ನಿರೆಂದು ಕೌಂಟ್ ಆಳುಗಳನ್ನು ಅಟ್ಟಿದ್ದನಂತೆ. ಪುಂಟೋ ಮಂದ್ರದ, ಅಂದರೆ ತಗ್ಗಿನ ಸ್ವರಗಳ ಹಾರ್ನ್ ವಾದಕ ಎಂಬುದೇ ನನಗೆ ಮುಖ್ಯವಾಯಿತು. ಸೊನಾಟಾವನ್ನು ಬದಿಗಿಟ್ಟು, ಹೆಚ್ಚುಕಡಿಮೆ ಒಂದು ವರ್ಷ ಆತನ ಯುಗಳ ಕೃತಿಗಳಲ್ಲಿ ತಗ್ಗಿನ ಸ್ವರಗಳಿರುವ ಎರಡನೆಯ ಹಾರ್ನ್ ಭಾಗವನ್ನಷ್ಟೇ ಅಭ್ಯಾಸ ಮಾಡಿದೆ.

ಹಣ ನೀರಿನಂತೆ ಹರಿಯಿತು. ಎರಡು ಸಾವಿರ ಯೂರೋ ಆಸುಪಾಸಿನಲ್ಲಿ ಕೊಂಡ ಹಳೆಯ ಹಾರ್ನ್‌ನ ಎಫ್ ಕ್ರೂಕ್ (ವಾದ್ಯದ ಶ್ರುತಿ ಬದಲಿಸಲು ಜೋಡಿಸುವ ಸುರುಳಿ ಕೊಳವೆ) ಕೀಲಿನಲ್ಲಿ ಗಾಳಿ ಸೋರುತ್ತಿತ್ತು. ಹೊಸದಾಗಿ ಮಾಡಿಸಿದ ಹಾರ್ನ್‌ಗೆ ಐದಾರು ಸಾವಿರವಾಯಿತು. ದೊಡ್ಡ ಕಛೇರಿ ಪಿಯಾನೋ ಜೊತೆಗಿನ ಅಭ್ಯಾಸಗಳೆಲ್ಲ ಕೆಟ್ಟವು. ಶ್ರುತಿ ಮಾಡುವವರ ಕೂಲಿಯೂ ಸೇರಿ ಏಳೆಂಟು ನೂರು ಯೂರೋ ಕೊಟ್ಟು ಫೋರ್ಟೆಪಿಯಾನೋವನ್ನು, ಅಂದರೆ ಬೀಥೋವನ್ ಕಾಲದ ಮೆಲುದನಿಯ ಪಿಯಾನೋವನ್ನು, ಬಾಡಿಗೆಗೆ ತಂದ ಮೇಲೆಯೇ ಎರಡು ವಾದ್ಯಗಳೂ ಒಂದಕ್ಕೊಂದು ಕಿವಿಗೊಟ್ಟವು.

ಎರಡನೆಯ ಭಾಗ ಎಫ್ ಮೈನರ್‌ನಲ್ಲಿದ್ದು, ಅದರ ಜೀವಸ್ವರವಾದ ಎ-ಫ್ಲಾಟ್ ಮುಚ್ಚಿದ ಕೈಯಲ್ಲೇ ಹುಟ್ಟಬೇಕು. ಅದನ್ನು ಒತ್ತಿ ಊದಿದರೆ ತಗಡು ಗೀರಿದಂತೆ ಕರ್ಕಶವಾಗುತ್ತದೆ. ನಾನು ಮುಚ್ಚಿದ ಸ್ವರವನ್ನು ಹಿಗ್ಗಿಸುವ ಬದಲು, ಅಂಗೈಯನ್ನು ಎಂದೂ ಪೂರ್ತಿ ತೆರೆಯದೆ, ಅಕ್ಕಪಕ್ಕದ ತೆರೆದ ಸ್ವರಗಳನ್ನೇ ಅದರ ಮಟ್ಟಕ್ಕೆ ಇಳಿಸಿದೆ. ಮೊದಲನೆಯ ಭಾಗದಲ್ಲಿ ಕೊಳವೆ ತಾನಾಗಿ ಕೊಡುವ ಸಹಜ ಸ್ವರಸಾಲಿಗೆ ಸೇರದ, ತುಟಿಯಿಂದಲೇ ಇಳಿಸಿ ಹಿಡಿಯಬೇಕಾದ ತಗ್ಗಿನ ಜಿ ನನಗೀಗ ಕರೆದಾಗ ಬರುತ್ತದೆ. ಅದಕ್ಕೆ ದವಡೆಯನ್ನು ಹೇಗಿಡುತ್ತೇನೆ ಎಂಬುದನ್ನು ಎದುರು ಕುಳಿತು ಕಲಿಯುವವರಿಗೆ ಮಾತ್ರ ಹೇಳಿಕೊಡುತ್ತೇನೆ.

ಇದೇ ಕೈಚಳಕವನ್ನು ಮೊಟ್ಸಾರ್ಟ್ 1782ರ ಹೊತ್ತಿಗೆ ಹಾರ್ನ್ ವಾದಕ ಲೊಯ್ಟ್‌ಗೆಬ್‌ಗಾಗಿ ಬರೆದ, ಹಾರ್ನ್ ಮತ್ತು ನಾಲ್ಕು ತಂತಿವಾದ್ಯಗಳ ಹಾರ್ನ್ ಕ್ವಿಂಟೆಟ್‌ಗೂ ಹಚ್ಚಿ ನೋಡಿದೆ. ಇ-ಫ್ಲಾಟ್ ಕ್ರೂಕ್‌ಗೆ ಕೈ ತುಸು ಒಳಕ್ಕೆ ಹೋಗಬೇಕಾಯಿತು. ಎರಡು ವಯೋಲಾಗಳ ನಡುವೆ ಕುಳಿತಾಗಲಂತೂ ಮುಚ್ಚಿದ ಸ್ವರ ಯಾವುದು, ವಯೋಲಾ ಯಾವುದು ಎಂದು ಸೆಲ್ಲೋ ವಾದಕಿಗೇ ತಿಳಿಯಲಿಲ್ಲ. ಪುಂಟೋ ಬರೆದ ಹಾರ್ನ್ ಕ್ವಾರ್ಟೆಟ್‌ಗಳಿಗೂ ಈಗ ಇದೇ ಕೂಟ ಸಿದ್ಧವಾಗುತ್ತಿದೆ.