ಮಕ್ಕಳ ಮನೆಗೆ ಇಂಗ್ಲೆಂಡಿಗೆ ಹೋದಾಗ ಹಳ್ಳಿ ಚರ್ಚು ನೋಡುವ ಬಗೆ

ತುಮಕೂರಿನಲ್ಲಿ ಈಗ ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಿಕೊಳ್ಳುವುದಕ್ಕೋ ಇಂಗ್ಲೆಂಡಿಗೆ ಹೋಗಿ ಬಂದವರು ಬೀದಿಗೊಬ್ಬರು ಸಿಗುತ್ತಾರೆ. ಅಮಾನಿಕೆರೆಯ ವಾಕಿಂಗಿನಲ್ಲಿ ಎಲ್ಲರದ್ದೂ ಒಂದೇ ದೂರು: ಮಕ್ಕಳು ಕೆಲಸಕ್ಕೆ ಹೋದ ಮೇಲೆ ಹೊತ್ತೇ ಹೋಗುವುದಿಲ್ಲ. ಅವರಿಗೆ ನಾನು ಹೇಳುವುದು, ಊರಿನ ಹಳೇ ಪ್ಯಾರಿಷ್ ಚರ್ಚಿಗೆ ಹೋಗಿ ಅಂತ. ಬಹಳ ಹಳ್ಳಿಗಳಲ್ಲಿ ಹಗಲು ಬಾಗಿಲು ತೆರೆದೇ ಇರುತ್ತದೆ. ಟಿಕೆಟ್ ಇಲ್ಲ, ನೂಕುನುಗ್ಗಲು ಇಲ್ಲ. ನಾನು ಲೋಕೋಪಯೋಗಿ ಇಲಾಖೆಯಲ್ಲಿ ಕಟ್ಟಡದ ಕೆಲಸ ನೋಡಿಕೊಂಡು ರಿಟೈರ್ ಆದವನು. ಆದ್ದರಿಂದ ದೇವರಿಗಿಂತ ಮೊದಲು ಗೋಡೆ ಕಾಣುತ್ತದೆ. ಕೆಳಗಿನದೆಲ್ಲ ಗೋಡೆ ನೋಡುವವನ ಮಾತು.

'ಇದನ್ನು ಯಾವ ವರ್ಷ ಕಟ್ಟಿದ್ದು?' ಎಂದು ಕೇಳಬೇಡಿ. 12ನೇ ಶತಮಾನದ ಬಾಗಿಲು, 14ನೇ ಶತಮಾನದ ಕಿಟಕಿ, 15ನೇ ಶತಮಾನದ ಗೋಪುರ, ಎಲ್ಲ ಒಂದೇ ಕಟ್ಟಡದಲ್ಲಿ ಇರುತ್ತವೆ. ಹಳೆಯದಕ್ಕೆ ಹೊಸದು ಎಲ್ಲಿ ಬಂದು ಸೇರಿತು ಎಂದು ಹುಡುಕಬೇಕು. ಮಜಾ ಇರುವುದೇ ಅಲ್ಲಿ.

ಹೊರಡುವ ಮುಂಚೆ ಒಂದು ಭಾನುವಾರ ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋಗಿ ಕಣ್ಣು ಪಳಗಿಸಿಕೊಳ್ಳಿ. 9ನೇ ಶತಮಾನದ ಕಲ್ಲೇಶ್ವರ ಗುಡಿ, ಹೊಯ್ಸಳರ ಕಾಲದ ಚೆನ್ನಕೇಶವ ಗುಡಿ, ಎರಡೂ ಒಂದೇ ಊರಿನಲ್ಲಿವೆ. ಕಲ್ಲೇಶ್ವರದ ಚಾವಣಿಯಲ್ಲಿ ಕುಣಿಯುವ ಶಿವನನ್ನೂ ಸುತ್ತಲಿನ ದಿಕ್ಪಾಲಕರನ್ನೂ ಕತ್ತು ನೋಯುವಷ್ಟು ನೋಡಿ, ಆಮೇಲೆ ಚೆನ್ನಕೇಶವದ ಬಳಪದ ಕಲ್ಲಿನ ಕೆತ್ತನೆ ನೋಡಿ. ಕಾಲ ಬದಲಾದರೆ ಕೈ ಹೇಗೆ ಬದಲಾಗುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇಂಗ್ಲೆಂಡಿಗೆ ಬರೋಣ. ಚರ್ಚು ಕಂಡ ಕೂಡಲೇ ಒಳಗೆ ನುಗ್ಗಬೇಡಿ. ಹೊರಗೆ ಒಂದು ಸುತ್ತು ಹಾಕಿ. ಸುತ್ತ ಸಮಾಧಿಗಳಿರುತ್ತವೆ, ದಾರಿ ಬಿಟ್ಟು ತುಳಿಯಬೇಡಿ. ಪೂಜೆಯ ಪೀಠ ಸಾಮಾನ್ಯವಾಗಿ ಪೂರ್ವಕ್ಕೆ, ಗೋಪುರ ಹೆಚ್ಚಾಗಿ ಪಶ್ಚಿಮಕ್ಕೆ. ಇಷ್ಟು ಗೊತ್ತಿದ್ದರೆ ಮೋಡ ಕವಿದ ದಿನವೂ ದಿಕ್ಕು ತಪ್ಪುವುದಿಲ್ಲ.

ಈಗ ಗೋಪುರದ ಪೂರ್ವದ ಗೋಡೆ ನೋಡಿ, ಚಾವಣಿಯ ಮೇಲ್ಗಡೆ. ಕೆಲವು ಕಡೆ ಅಲ್ಲಿ ಕಡಿದಾದ ಎರಡು ಇಳಿಜಾರಿನ ಕಲ್ಲಿನ ಗೆರೆ ಉಳಿದಿರುತ್ತದೆ. ಅದು ಹಳೇ ಚಾವಣಿ ಗೋಪುರಕ್ಕೆ ತಾಗಿದ್ದ ಜಾಗ. 15ನೇ ಶತಮಾನದ ಸುಮಾರಿಗೆ ಕೈಯಲ್ಲಿ ದುಡ್ಡಾಡಿದ ಊರುಗಳವರು ಗೋಡೆ ಎತ್ತರಿಸಿ, ಬೆಳಕಿಗೆಂದು ಮೇಲೊಂದು ಸಾಲು ಕಿಟಕಿ ಇಟ್ಟು, ಸೀಸದ ತಗಡು ಹೊದಿಸಿದ ಚಪ್ಪಟೆ ಚಾವಣಿ ಹಾಕಿಸಿದರು. ಹಳೇ ಗೆರೆಯನ್ನು ಅಳಿಸುವ ಗೋಜಿಗೆ ಯಾರೂ ಹೋಗಲಿಲ್ಲ. ನನಗಂತೂ ಬಣ್ಣದ ಗಾಜಿಗಿಂತ ಈ ಗೆರೆಯೇ ಇಷ್ಟ.

ಕಿಟಕಿ ಓದುವುದು ಸುಲಭ. ದಪ್ಪ ಗೋಡೆ, ಅರ್ಧವೃತ್ತದ ಕಮಾನು ಇದ್ದರೆ 1066ರಲ್ಲಿ ಫ್ರಾನ್ಸಿನ ಕಡೆಯಿಂದ ನಾರ್ಮನ್ನರು ಬಂದು ಇಂಗ್ಲೆಂಡನ್ನು ಗೆದ್ದ ಮೇಲಿನದು, ಹೆಚ್ಚಾಗಿ 12ನೇ ಶತಮಾನ. ಕಿರಿದಾಗಿ, ಉದ್ದವಾಗಿ, ತುದಿ ಚೂಪಾಗಿದ್ದರೆ 13ನೇ ಶತಮಾನ. ಮೇಲ್ಭಾಗದ ಕಲ್ಲು ರಂಗೋಲಿಯ ಬಳ್ಳಿಯ ಹಾಗೆ ಸುತ್ತಿಕೊಂಡಿದ್ದರೆ 14ನೇ ಶತಮಾನದ ಮೊದಲರ್ಧ. ಕಲ್ಲಿನ ಕಂಬಿಗಳು ನೆಟ್ಟಗೆ ಕಮಾನಿನ ತನಕ ಹೋಗಿದ್ದರೆ ಅದರ ನಂತರದ್ದು. ಈ ಎರಡರ ನಡುವೆ, 1348-49ರ ಪ್ಲೇಗಿನಲ್ಲಿ ಮೂರರಲ್ಲಿ ಒಂದು ಪಾಲಿಗೂ ಜಾಸ್ತಿ ಜನ ಸತ್ತರು, ಕಲ್ಲುಕೆಲಸದವರೂ ಸತ್ತರು. ಎಷ್ಟೋ ಕಡೆ ಕೆಲಸ ಅರ್ಧಕ್ಕೆ ನಿಂತಿತು. ಮೇಲೆ ಹೇಳಿದ ಈ ನಾಲ್ಕು ಬಗೆಗೆ ಇಂದಿಗೂ ನಡೆಯುವ ಹೆಸರುಗಳನ್ನು 1817ರಲ್ಲಿ ಗಟ್ಟಿ ಮಾಡಿದವನು ಇಂಗ್ಲೆಂಡಿನ ವಾಸ್ತುಶಿಲ್ಪಿ ಥಾಮಸ್ ರಿಕ್ಮನ್. ಒಂದು ಎಚ್ಚರಿಕೆ: 19ನೇ ಶತಮಾನದಲ್ಲಿ ವಿಕ್ಟೋರಿಯಾ ಕಾಲದವರು ಹಳೆಯ ಮಾದರಿಯನ್ನೇ ನಕಲು ಮಾಡಿ ಬೇಕಾದಷ್ಟು ಕಿಟಕಿ ಕೂರಿಸಿದ್ದಾರೆ. ಅಂಚು ಚೂಪಾಗಿ, ಎಲ್ಲ ಒಂದೇ ಸಮ ಇದ್ದರೆ ಅನುಮಾನ ಪಡಿ.

ದಕ್ಷಿಣದ ಬಾಗಿಲಿನ ಚೌಕಟ್ಟಿನ ಕಲ್ಲನ್ನು ಹತ್ತಿರದಿಂದ ನೋಡಿ. ಒಂದು ಸಣ್ಣ ತೂತು, ಅದರಿಂದ ಕೆಳಗೆ ಹರಡಿದ ಗೀರುಗಳು ಕಂಡರೆ ಅದು ಬಿಸಿಲ ಗಡಿಯಾರ. ತೂತಿಗೆ ಕಡ್ಡಿ ಸಿಕ್ಕಿಸಿ, ನೆರಳು ಯಾವ ಗೀರಿಗೆ ಬಂತು ಎಂದು ನೋಡಿ ಪೂಜೆಯ ಹೊತ್ತು ತಿಳಿಯುತ್ತಿದ್ದರು. ಕೆಲವು ಕಡೆ ಇದು ಈಗ ಬಾಗಿಲ ಮುಂದಿನ ಮಂಟಪದೊಳಗೆ, ಬಿಸಿಲೇ ಬೀಳದ ಕಡೆ ಇರುತ್ತದೆ. ಅಂದರೆ ಮಂಟಪ ಆಮೇಲೆ ಬಂದದ್ದು ಅಂತ ತಾನೇ ಲೆಕ್ಕ?

ಒಳಗೆ ಎರಡು ಭಾಗ. ಜನ ಕೂರುವ ದೊಡ್ಡ ಭಾಗ ನೇವ್. ಪೂರ್ವದ ಕಡೆ, ನಮ್ಮ ಗರ್ಭಗುಡಿಯ ಜಾಗದಲ್ಲಿ ಇರುವುದು ಚಾನ್ಸೆಲ್. ಯಾವುದರ ರಿಪೇರಿ ಯಾರದು ಎಂಬುದೇ ಇಲ್ಲಿ ಮುಖ್ಯ. ನೇವ್ ಊರವರ ಖರ್ಚು. ಚಾನ್ಸೆಲ್ಲು ರೆಕ್ಟರನ ಖರ್ಚು, ಅಂದರೆ ಬೆಳೆಯ ಹತ್ತರಲ್ಲಿ ಒಂದು ಪಾಲು ಪಡೆಯುತ್ತಿದ್ದವನದ್ದು. ಎಷ್ಟೋ ಸಲ ರೆಕ್ಟರನ ಸ್ಥಾನದಲ್ಲಿ ಒಂದು ಮಠವೇ ಇರುತ್ತಿತ್ತು. ಉಣ್ಣೆ ವ್ಯಾಪಾರದಲ್ಲಿ ಗೆದ್ದ ಊರುಗಳಲ್ಲಿ ನೇವ್ ಅರಮನೆಯಷ್ಟು ಎತ್ತರ, ಚಾನ್ಸೆಲ್ಲು ಮಾತ್ರ ಹಳೇದು, ತಗ್ಗಿನದು. ಎರಡು ಲೆಕ್ಕದ ದುಡ್ಡು ಒಂದೇ ಕಟ್ಟಡದಲ್ಲಿ ಖರ್ಚಾದರೆ ಹೀಗೇ ಆಗುವುದು. ನಮ್ಮ ಇಲಾಖೆಯಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡೂ ಸೇರುವ ಕಮಾನಿನ ಪಕ್ಕದ ಗೋಡೆಯಲ್ಲಿ, ಆಳೆತ್ತರಕ್ಕಿಂತ ಮೇಲೆ, ಎಲ್ಲಿಗೂ ಹೋಗದ ಒಂದು ಪುಟ್ಟ ಬಾಗಿಲು ಕಾಣಬಹುದು. ಅಲ್ಲಿ ಮೊದಲು ಮರದ ಅಟ್ಟ ಇತ್ತು, ಅದರ ಮೇಲೆ ಶಿಲುಬೆಯ ಏಸುವಿನ ಪ್ರತಿಮೆ. 16ನೇ ಶತಮಾನದಲ್ಲಿ ರಾಜ್ಯದ ಧರ್ಮದ ನೀತಿ ಬದಲಾದಾಗ ಪ್ರತಿಮೆ, ಅಟ್ಟ ಎಲ್ಲ ಕಿತ್ತರು, ಗೋಡೆಯ ಚಿತ್ರಗಳಿಗೆ ಸುಣ್ಣ ಬಳಿದರು. ಅಟ್ಟಕ್ಕೆ ಹತ್ತುತ್ತಿದ್ದ ಮೆಟ್ಟಿಲು, ಆ ಬಾಗಿಲು ಮಾತ್ರ ಗೋಡೆಯಲ್ಲೇ ಉಳಿದವು. ಈಗ ಕೆಲವು ಕಡೆ ಸುಣ್ಣ ತೆಗೆದು ಅಡಿಯ ಚಿತ್ರಗಳು ಕಾಣುವಂತೆ ಮಾಡಿದ್ದಾರೆ.

ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಕಲ್ಲಿನ ತೊಟ್ಟಿಯನ್ನು ಬಿಡಬೇಡಿ. ಎಷ್ಟೋ ಸಲ ಚರ್ಚಿನಲ್ಲಿ ಎಲ್ಲಕ್ಕಿಂತ ಹಳೆಯ ವಸ್ತು ಅದೇ. ಅಂಚಿನಲ್ಲಿ ಕಬ್ಬಿಣದ ಚೂರೋ ಒಡೆದ ಗುರುತೋ ಇದ್ದರೆ ಅದು ಬೀಗದ್ದು. ಮಾಟಮಂತ್ರಕ್ಕೆಂದು ಪವಿತ್ರ ಜಲ ಕದಿಯುತ್ತಾರೆ ಎಂದು ತೊಟ್ಟಿಗೆ ಮುಚ್ಚಳ ಹಾಕಿ ಬೀಗ ಜಡಿಯಲು 13ನೇ ಶತಮಾನದಲ್ಲಿ ಅಪ್ಪಣೆಯಾಗಿತ್ತು.

ಚಪ್ಪಲಿ ಬಿಡಬೇಕಾಗಿಲ್ಲ. ಬಿಟ್ಟರೆ ಆ ಕಲ್ಲಿನ ನೆಲದ ಥಂಡಿ ಮಂಡಿಗೆ ಏರುತ್ತದೆ. ಗಂಡಸರು ಮಾತ್ರ ಮಂಕಿ ಕ್ಯಾಪ್ ತೆಗೆಯಬೇಕು. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಬೇರೆ ಹೊತ್ತು ಹೋಗಿ. ಮೊಬೈಲಿನ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದರೆ ಸವೆದ ಗೀರೂ ಕಾಣುತ್ತದೆ. ಬಾಗಿಲ ಹತ್ತಿರ ಒಂದು ಪೌಂಡಿಗೋ ಎರಡಕ್ಕೋ ಚರ್ಚಿನ ಚರಿತ್ರೆಯ ಕಿರುಹೊತ್ತಿಗೆ ಇಟ್ಟಿದ್ದರೆ ಕೊಂಡುಕೊಳ್ಳಿ, ಆದರೆ ನೀವೇ ಒಂದು ಸುತ್ತು ನೋಡಿದ ಮೇಲೆ ಓದಿ. ಹೊರಡುವಾಗ ಡಬ್ಬಿಗೆ ಏನಾದರೂ ಹಾಕಿ, ಹಕ್ಕಿ ಒಳಗೆ ನುಗ್ಗದಂತೆ ಬಾಗಿಲು ಎಳೆದುಕೊಂಡು ಬನ್ನಿ.